ಜೆಟ್ ಕಾಲದಲ್ಲೂ ಫ್ಯಾನು ಯಾಕೆ?



ವಿಮಾನದ ಚಿತ್ರ ಬರೆಯಿರಿ ಅಂದರೆ ನಾವೆಲ್ಲ ಜೆಟ್ ವಿಮಾನವನ್ನೇ ಬರೆಯುತ್ತೇವೆ. ಫ್ಯಾನು ತಿರುಗುವ ವಿಮಾನ ಹಳೇ ಕಾಲದ್ದು ಎಂಬ ಭಾವನೆ. ಆದರೆ ಸೋವಿಯತ್ ದೇಶದಲ್ಲಿ 1952ರ ನವೆಂಬರ್ 12ರಂದು ಮೊದಲು ಹಾರಿದ ಟಿಯು-95 ಎಂಬ ಬಾಂಬರ್ ವಿಮಾನ ಇವತ್ತಿಗೂ ರಷ್ಯಾದಲ್ಲಿ ಹಾರುತ್ತಿದೆ. ಅದಕ್ಕಿರುವುದು ಫ್ಯಾನೇ! ಯಾಕೆ ಎಂದು ನಾನು ಓದಿ ತಿಳಿದದ್ದನ್ನು ಬರೆಯುತ್ತೇನೆ.

ಕಣದಲ್ಲಿ ಹೊಟ್ಟು ಹಾರಿಸಬೇಕು ಅಂತಿಟ್ಟುಕೊಳ್ಳಿ. ಬಾಯಲ್ಲಿ ಜೋರಾಗಿ ಊದಿದರೂ ಹಾರುತ್ತದೆ, ಆದರೆ ಬೇಗ ಸುಸ್ತು. ಮೊರ ಬೀಸಿದರೆ ನಿಧಾನವಾದ ಗಾಳಿಯೇ ಬಹಳಷ್ಟು ಬರುತ್ತದೆ, ಸುಸ್ತು ಕಡಿಮೆ. ಲೆಕ್ಕವೂ ಹಾಗೇ ಹೇಳುತ್ತದೆ. ಹಿಂದಕ್ಕೆ ತಳ್ಳುವ ಗಾಳಿಯ ವೇಗ ಎರಡರಷ್ಟಾದರೆ ನೂಕುವ ಬಲ ಎರಡರಷ್ಟು, ಆದರೆ ಆ ಗಾಳಿಗೆ ಕೊಡಬೇಕಾದ ಶಕ್ತಿ ನಾಲ್ಕರಷ್ಟು. ವೇಗದ ಬದಲು ಗಾಳಿಯ ಪ್ರಮಾಣ ಎರಡರಷ್ಟು ಮಾಡಿದರೆ ಬಲವೂ ಎರಡರಷ್ಟು, ಶಕ್ತಿಯೂ ಎರಡರಷ್ಟೇ. ಅಂದಿನ ಜೆಟ್ ಬಾಯಲ್ಲಿ ಊದುವವನ ಹಾಗೆ, ಫ್ಯಾನು ಮೊರದ ಹಾಗೆ. ದೂರ ಹೋಗುವವರಿಗೆ ಇಂಧನ ಉಳಿಸುವುದೇ ಮುಖ್ಯ.

ಟರ್ಬೊಪ್ರಾಪ್ ಅಂದರೆ ಒಳಗೆ ಜೆಟ್‌ನಂಥದೇ ಟರ್ಬೈನು, ಆದರೆ ಅದು ಗೇರುಗಳ ಮೂಲಕ ಫ್ಯಾನನ್ನು ತಿರುಗಿಸುತ್ತದೆ. ಈ ಗೇರೇ ಕಷ್ಟದ ಭಾಗ. 1953ರ ಮೇ 11ರಂದು ಗೇರು ಮುರಿದು ಎಂಜಿನ್‌ಗೆ ಬೆಂಕಿ ಹತ್ತಿ ಮೊದಲ ಮಾದರಿ ವಿಮಾನ ಬಿದ್ದಿತು. ಪೈಲಟ್ ಅಲೆಕ್ಸಿ ಪೆರೆಲ್ಯೋತ್ ತೀರಿಕೊಂಡರು. ಆಮೇಲೆ ಕುಜ್ನೆತ್ಸೊವ್ ಅವರ ತಂಡದ ಎನ್‌ಕೆ-12 ಎಂಜಿನ್ ಬಂತು. ಇದರ ಶಕ್ತಿ 12,000 ಅಶ್ವಶಕ್ತಿ, ಮುಂದಿನ ಮಾದರಿಗಳಲ್ಲಿ 15,000. ಇಷ್ಟು ಶಕ್ತಿಗೆ ಒಂದೇ ಫ್ಯಾನು ಸಾಲದು. ಅದಕ್ಕೆ ಒಂದರ ಹಿಂದೆ ಒಂದು, ಎರಡು ಫ್ಯಾನು. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಮುಂದಿನದು ಸುಳಿ ಮಾಡಿದ ಗಾಳಿಯನ್ನು ಹಿಂದಿನದು ನೇರ ಮಾಡುತ್ತದೆ. ವೇಗ ಗಂಟೆಗೆ 800 ಕಿ.ಮೀ.ಗೂ ಹೆಚ್ಚು!

ಈ ಶಕ್ತಿಯನ್ನು ಯಾವುದಕ್ಕೆ ಬಳಸಿದರು? 1961ರ ಅಕ್ಟೋಬರ್ 30ರಂದು ನೊವಾಯಾ ಜೆಮ್ಲ್ಯಾ ದ್ವೀಪದ ಮೇಲೆ ಸುಮಾರು 50 ಮೆಗಾಟನ್ ಬಾಂಬನ್ನು ಪರೀಕ್ಷೆಗೆ ಹಾಕಿದ್ದು ಇದೇ ಜಾತಿಯ ವಿಮಾನ. ಮನುಷ್ಯ ಸಿಡಿಸಿದ ಅತಿ ದೊಡ್ಡ ಬಾಂಬು ಅದು. 2022ರಿಂದ ಯುಕ್ರೇನ್ ಮೇಲೆ ಕ್ಷಿಪಣಿ ಬಿಟ್ಟದ್ದೂ ಟಿಯು-95. 2025ರ ಜೂನ್ 1ರಂದು ಯುಕ್ರೇನಿನ ಪುಟ್ಟ ಡ್ರೋನುಗಳು ನೆಲದಲ್ಲಿ ನಿಂತಿದ್ದ ಇಂಥ ವಿಮಾನಗಳನ್ನೇ ಸುಟ್ಟವು.

ಇದೇ ವಿಮಾನದ ತಮ್ಮ ಟಿಯು-142. 1968ರಲ್ಲಿ ಹಾರಿತು. ಇದರ ಕೆಲಸ ಸಮುದ್ರದ ಕಾವಲು. ಜಲಾಂತರ್ಗಾಮಿ ನೀರೊಳಗೆ ಮುಳುಗಿದರೆ ರೇಡಾರ್‌ಗೆ ಕಾಣದು, ಏಕೆಂದರೆ ಉಪ್ಪುನೀರಿನ ಆಳಕ್ಕೆ ರೇಡಿಯೊ ಅಲೆ ಇಳಿಯುವುದಿಲ್ಲ. ಆದರೆ ಶಬ್ದ ನೀರಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಅದಕ್ಕೇ ವಿಮಾನದಿಂದ ತೇಲುವ ಸೋನೋಬಾಯ್‌ಗಳನ್ನು ಬೀಳಿಸುತ್ತಾರೆ. ಅವು ನೀರೊಳಗಿನ ಸದ್ದು ಕೇಳಿ ರೇಡಿಯೊದಲ್ಲಿ ವಿಮಾನಕ್ಕೆ ತಿಳಿಸುತ್ತವೆ. ಗಂಟೆಗಟ್ಟಲೆ ಸುತ್ತಬೇಕಾದ ಇಂಥ ಕೆಲಸಕ್ಕೆ ಇಂಧನ ಉಳಿಸುವ ಫ್ಯಾನೇ ಸರಿ.

ನಮ್ಮ ನೌಕಾಪಡೆಯಲ್ಲೂ ಎಂಟು ಟಿಯು-142 ಇದ್ದವು. 1988ರಲ್ಲಿ ಮೊದಲು ಬಂದಿಳಿದದ್ದು ನಮ್ಮ ಕಾರವಾರದ ಪಕ್ಕದ ಗೋವಾದಲ್ಲಿ. 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು. 29 ವರ್ಷ ದುಡಿದು 2017ರ ಮಾರ್ಚ್ 29ರಂದು ನಿವೃತ್ತಿಯಾದವು. ಒಂದನ್ನು ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅವುಗಳ ಜಾಗಕ್ಕೆ ಬಂದ ಪಿ-8ಐ ಜೆಟ್ ವಿಮಾನ. ಆದರೆ ಅದರ ಎಂಜಿನ್ ಬಾಯಲ್ಲಿ ಇಣುಕಿ ನೋಡಿ, ಅಲ್ಲೂ ದೊಡ್ಡ ಫ್ಯಾನಿದೆ! ಮೊರದ ಪಾಠವನ್ನು ಜೆಟ್ಟೂ ಕಲಿತಿದೆ.

ಒಂದೇ ಎಂಜಿನ್ ಅಣ್ಣನ ಕೈಲಿ ಬಾಂಬು ಹೊತ್ತಿತು, ತಮ್ಮನ ಕೈಲಿ ನಮ್ಮ ಕಡಲು ಕಾಯಿತು. ವಿಜ್ಞಾನ ಶಕ್ತಿ ಕೊಡುತ್ತದೆ, ಕೆಲಸ ಯಾವುದೆಂದು ಹೇಳಬೇಕಾದವರು ನಾವೇ.

ಯೋಚಿಸಿ ಹೇಳಿ: ತಳ್ಳುವ ಗಾಳಿಯ ವೇಗ ಮೂರರಷ್ಟಾದರೆ ಶಕ್ತಿ ಎಷ್ಟು ಪಟ್ಟು ಬೇಕು?