ಜೀವಕೋಶದ ಪೊರೆಯಲ್ಲಿ ತೆಪ್ಪಗಳು

ಚಾಮುಂಡಿ ಬೆಟ್ಟದ ದೇವಿಕೆರೆಯ ತೆಪ್ಪೋತ್ಸವವನ್ನು ಮೈಸೂರಿಗರೆಲ್ಲ ಬಲ್ಲರು. ಜೀವಕೋಶದ ಪೊರೆಯಲ್ಲಿಯೂ ತೆಪ್ಪಗಳುಂಟು ಎಂದರೆ ಕಲಾ ವಿಭಾಗದ ನನ್ನ ಸಹಪಾಠಿಗಳು ನಕ್ಕಾರು. ಆದರೆ ವಿಜ್ಞಾನಿಗಳು ಇಟ್ಟ ಹೆಸರೇ ಅದು. ಆ ಹೆಸರು ಎಷ್ಟರಮಟ್ಟಿಗೆ ಸಾರ್ಥಕವೆಂಬುದನ್ನು ಇಲ್ಲಿ ವಿಚಾರ ಮಾಡುತ್ತೇನೆ.

ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಎಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು. ಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳ ಎರಡು ಪದರಗಳಿಂದ ಅದು ಆಗಿದೆ. ಅದು ದ್ರವದಂತಹ ಹಾಳೆ, ಪ್ರೋಟೀನುಗಳು ಅದರಲ್ಲಿ ಚಲಿಸುತ್ತವೆ ಎಂದು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ವಿವರಿಸಿದರು.

ಆದರೆ ಲಿಪಿಡುಗಳೆಲ್ಲ ಒಂದೇ ಬಗೆಯವಲ್ಲ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಕಡಲೆಕಾಯಿ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ. ಮೊದಲನೆಯದರಲ್ಲಿ ಅಣುಗಳ ಬಾಲಗಳು ಬಹುಮಟ್ಟಿಗೆ ನೆಟ್ಟಗಿದ್ದು ಒತ್ತಾಗಿ ಕೂಡುತ್ತವೆ. ಎರಡನೆಯದರಲ್ಲಿ ಬಹುಪಾಲು ಬಾಗಿವೆ. ಪೊರೆಯಲ್ಲಿಯೂ ನೆಟ್ಟನೆಯ ಬಾಲದ ಸ್ಫಿಂಗೋಲಿಪಿಡುಗಳು ಕೊಲೆಸ್ಟರಾಲಿನೊಡನೆ ಒತ್ತಾಗಿ ಸೇರಿ, ಕೆಲವು ಪ್ರೋಟೀನುಗಳನ್ನು ಹೊತ್ತು ತೇಲುತ್ತವೆ ಎಂದು 1997ರಲ್ಲಿ ಸೈಮನ್ಸ್ ಮತ್ತು ಇಕೋನೆನ್ ಪ್ರತಿಪಾದಿಸಿದರು. ಇವೇ ಆ ತೆಪ್ಪಗಳು.

ಇಲ್ಲೊಂದು ಆಕ್ಷೇಪ ಬಂದಿತು. ಕೋಶವನ್ನು ತಣ್ಣನೆಯ ಮಾರ್ಜಕದಲ್ಲಿ ಕರಗಿಸಿದಾಗ ಕರಗದೆ ಉಳಿದ ತುಣುಕುಗಳೇ ಆಗ ಮುಖ್ಯ ಸಾಕ್ಷ್ಯ. ಅವು ಜೀವಂತ ಕೋಶದಲ್ಲಿ ಮೊದಲೇ ಇದ್ದುವೋ, ಮಾರ್ಜಕವೇ ಅವನ್ನು ಉಂಟುಮಾಡಿತೋ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ಪ್ರಮುಖರು. 1998ರಲ್ಲಿ ರಾಜತ್ ವರ್ಮ ಮತ್ತು ಸತ್ಯಜಿತ್ ಮೇಯರ್ ಕೋಶವನ್ನು ಕರಗಿಸದೆಯೇ ಪರೀಕ್ಷಿಸಿದರು. ಹೊಳೆಯುವ ಗುರುತು ಹೊತ್ತ ಎರಡು ಅಣುಗಳು ತೀರ ಹತ್ತಿರವಿದ್ದರೆ ಒಂದರ ಬೆಳಕಿನ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ; ಇದನ್ನೇ ಅಳೆದರು. ಗುಂಪುಗಳು ಇದ್ದುವು, ಆದರೆ 70 ನ್ಯಾನೋಮೀಟರಿಗಿಂತ ಕಿರಿದು. ಕೊಲೆಸ್ಟರಾಲನ್ನು ತಗ್ಗಿಸಿದರೆ ಚದರಿಹೋದುವು. 2004ರಲ್ಲಿ ಇದೇ ಕೇಂದ್ರದಿಂದ ಹೊರಬಂದ ಸಂಶೋಧನೆಯು ಒಂದೊಂದು ಗುಂಪಿನಲ್ಲಿ ಆ ಪ್ರೋಟೀನಿನ ಹೆಚ್ಚೆಂದರೆ ನಾಲ್ಕು ಅಣುಗಳಿರುವುದನ್ನು ತೋರಿಸಿತು. 2012ರಲ್ಲಿ ಮೇಯರ್, ಮದನ್ ರಾವ್ ಮತ್ತು ಸಂಗಡಿಗರು ಪೊರೆಯ ಕೆಳಗಿನ ಆಕ್ಟಿನ್ ಎಳೆಗಳು ಈ ಗುಂಪುಗಳನ್ನು ಕೂಡಿಸುವ ಬಗೆಯನ್ನು ನಿರೂಪಿಸಿದರು. ಎಂದರೆ ಇವು ತಾವಾಗಿ ತೇಲುವ ತೆಪ್ಪಗಳಷ್ಟೇ ಅಲ್ಲ. ಕೋಶವು ಶಕ್ತಿ ವ್ಯಯಿಸಿ ಕಟ್ಟುತ್ತ, ಬಿಚ್ಚುತ್ತ ಇರುವ ಕೂಟಗಳು.

ಇದರಿಂದೇನು ಎನ್ನಬೇಡಿ. ಕಾಲರಾ ರೋಗದ ವಿಷವು ಕರುಳಿನ ಕೋಶಕ್ಕೆ ಅಂಟುವುದು ಜಿಎಂ1 ಎಂಬ ಲಿಪಿಡಿನ ಮೂಲಕ; ಅದೂ ಇಂತಹ ಕೂಟಗಳಲ್ಲಿ ಸೇರುವಂಥದು. ಫ್ಲೂ ವೈರಸ್ಸು ಕೋಶದಿಂದ ಹೊರಬೀಳುವುದೂ ಇಂತಹ ತಾಣಗಳಿಂದಲೇ.

ಉಪಮಾನದ ಗುಣಗಳೆಲ್ಲ ಉಪಮೇಯಕ್ಕೆ ಸಲ್ಲವೆಂದು ಅಲಂಕಾರಶಾಸ್ತ್ರದ ತರಗತಿಯಲ್ಲಿ ಓದುತ್ತೇವೆ. ಪ್ರಯೋಗಶಾಲೆಯಲ್ಲಿ ಅದೇ ಮಾತನ್ನು ಅಳತೆಮಾಡಿ ತೋರಿಸಬೇಕಾಯಿತು.