ಮುರಕಲ್ಲಿಗೆ ನೀರಿನ ಪೆಟ್ಟು ಬೇಡ

ಹಳೆ ಮನೆಯ ಮುರಕಲ್ಲಿನ ಗೋಡೆಗೆ, ಜಗಲಿಯ ಮರದ ಕಂಬಕ್ಕೆ ಪ್ರೆಶರ್ ವಾಷರ್ ಹಿಡಿಯುತ್ತೇನೆಂದು ಯಾರಾದರೂ ಬಂದರೆ ಗೇಟಿನಲ್ಲೇ ತಡೆಯಿರಿ. ಸ್ವಂತ ಮೈದುನನಾದರೂ ಸರಿ. ನಮ್ಮ ಮನೆಗೆ ಬಂದವನು ಮೈದುನನೇ.

ಪುತ್ತೂರಿನ ಕಡೆ ಮಳೆಗಾಲ ಕಳೆದಾಗ ಅಂಗಳ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾದ್ದಿಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಾಗ. ಆಟಿಯಲ್ಲಿ ಮಡಲು ಹಾಸಿಕೊಂಡು ನಡೆಯುತ್ತೇವೆ, ನವರಾತ್ರಿಯ ಹೊತ್ತಿಗೆ ಗೋಡೆಯ ಬುಡದ ಪಾಚಿ ಕಪ್ಪಗೆ ಒಣಗಿ ಕಚ್ಚಿಕೊಂಡಿರುತ್ತದೆ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅದನ್ನು ಹಿಡಿಸೂಡಿ, ತೆಂಗಿನ ನಾರು, ಕೊಡಪಾನದ ನೀರು ಇಷ್ಟರಲ್ಲೇ ತೆಗೆದವಳು ನಾನು. ಮಗಳ ಮದುವೆ ಡಿಸೆಂಬರಿಗೆ ನಿಶ್ಚಯವಾದ ಮೇಲೆ ಎಲ್ಲರಿಗೂ ಅವಸರ ಹತ್ತಿತು.

"ಅತ್ತಿಗೆ, ನೀವು ವಾರವಿಡೀ ಉಜ್ಜುವುದನ್ನು ನಾನು ಮಧ್ಯಾಹ್ನದೊಳಗೆ ಮುಗಿಸಿಕೊಡ್ತೇನೆ" ಎಂದು ಮೈದುನ ಬೆಂಗಳೂರಿನಿಂದ ಬಂದವನೇ ಲಾರಿ ತೊಳೆಯುವ ಸರ್ವಿಸ್ ಸ್ಟೇಷನ್ನಿನಿಂದ ಮಿಷನ್ ಬಾಡಿಗೆಗೆ ತಂದ. ಮನೆಬಳಕೆಯ ಮಿಷನ್ನುಗಳೇ ನೂರು ಬಾರ್ ಒತ್ತಡ ದಾಟುತ್ತವೆ. ಕಾರಿನ ಟಯರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಇವನು ತಂದದ್ದಂತೂ ಲಾರಿಯ ಅಡಿಗೆ ಅಂಟಿದ ಕೆಸರು ಕೀಳುವ ಮಿಷನ್. ಬೇಡವೆಂದೆ. ನನ್ನ ಮಾತು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಅಂಗಳದ ಸಿಮೆಂಟು ನೆಲ ಚೆನ್ನಾಗಿಯೇ ಬೆಳಗಿತು, ಇಲ್ಲವೆನ್ನುವುದಿಲ್ಲ. ಅದೇ ಹುಮ್ಮಸ್ಸಿನಲ್ಲಿ ಗನ್ನನ್ನು ಗೋಡೆಗೆ ತಿರುಗಿಸಿದ. ನಾನು ಅಡುಗೆಮನೆಯಿಂದ ಹೊರಗೆ ಬಂದಾಗ ಗೋಡೆಯಿಂದ ಇಳಿಯುತ್ತಿದ್ದ ನೀರು ಕೆಂಪಗಿತ್ತು. "ಕೊಳೆ ಹೋಗ್ತಾ ಉಂಟು ನೋಡಿ ಅತ್ತಿಗೆ" ಎಂದ. ಕೊಳೆಯ ಬಣ್ಣ ಕಪ್ಪು. ಹೋಗುತ್ತಿದ್ದದ್ದು ಕಲ್ಲು.

ಮುರಕಲ್ಲು ನೆಲದಿಂದ ಕಡಿಯುವಾಗ ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಫ್ರಾನ್ಸಿಸ್ ಬುಕನನ್ ಇದನ್ನೇ ಬರೆದಿದ್ದಾನೆ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನೂ ಅವನೇ. ಕಬ್ಬಿಣದ ಅಂಶ ಸೇರಿ ಗಟ್ಟಿಯಾದ ಭಾಗದ ನಡುನಡುವೆ ಹಳದಿ ಜೇಡಿ ತುಂಬಿದ ತೂತುಗಳಿರುತ್ತವೆ. ವರ್ಷಗಟ್ಟಲೆ ಬಿಸಿಲುಂಡು ಗಟ್ಟಿಯಾದ ಮೇಲ್ಮೈಯನ್ನು ಕಿತ್ತು ಆ ಜೇಡಿಯನ್ನು ಕೆದಕಿದರೆ ಮುಂದಿನ ಮಳೆಗೆ ಗೋಡೆ ನೀರು ಕುಡಿಯುತ್ತದೆ. ಎಂಜಿನಿಯರಿಂಗ್ ಓದಿದವನಿಗೆ ಇಷ್ಟು ಗೊತ್ತಿರಬೇಡವೇ?

ನಾನು ಕೂಗಿದ್ದು ಮಿಷನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಗನ್ ಜಗಲಿಯ ಕಂಬದ ಕಡೆ ತಿರುಗಿತು. ಹಲಸಿನ ಕಂಬ, ನಮ್ಮ ಮಾವನವರ ತಂದೆ ನಿಲ್ಲಿಸಿದ್ದು. ಮಕ್ಕಳು ಹಿಡಿದು ಸುತ್ತುವ ಎತ್ತರದಲ್ಲಿ ಮರ ಕೈ ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ನುಣುಪಾಗಿತ್ತು. ನೀರು ಸರಿಯಾಗಿ ಅಲ್ಲಿಗೇ ಬಡಿಯಿತು. ಕಂದು ಬಣ್ಣ ಸೀಳಿ ಒಳಗಿನ ಹಸಿ ಹಳದಿ ಗೆರೆ ಗೆರೆಯಾಗಿ ಕಾಣಿಸಿತು. ಮರದ ಮೆದು ಭಾಗ ಎದ್ದುಹೋಗಿ ಗಟ್ಟಿ ನಾರು ಮಾತ್ರ ಏಣು ಏಣಾಗಿ ನಿಂತಿತು. ಓಡಿಹೋಗಿ ಸ್ವಿಚ್ ಆರಿಸಿದೆ. ಕಂಬದ ಮೇಲೆ ಅಂಗೈ ಇಟ್ಟರೆ ಸಿಬಿರು ಹೊಕ್ಕಿತು. ಮೈದುನ "ಪೇಂಟ್ ಹೊಡೆದರೆ ಸರಿಯಾಗ್ತದೆ" ಎಂದು ಮುಖ ಒರೆಸಿಕೊಂಡ. ಆ ಮಾತಿಗೆ ನನಗೆ ಈಗಲೂ ಮೈ ಉರಿಯುತ್ತದೆ.

ಮಾಡಿಗೆ ಏಣಿ ಇಟ್ಟಾಗಿತ್ತು, ಅದನ್ನಾದರೂ ತಪ್ಪಿಸಿದೆ. ಮಂಗಳೂರು ಹಂಚು ಒಂದರ ಮೇಲೊಂದು ಕೂರುವುದು ಮೇಲಿನಿಂದ ಇಳಿಯುವ ಮಳೆಯನ್ನು ನಂಬಿ. ಕೆಳಗಿನಿಂದ ನೂಕಿದ ನೀರು ನೇರ ಒಳಗಿನ ಪಕಾಸಿಗೆ ಹೋಗುತ್ತದೆ.

ಆಮೇಲೆ ಪೇಂಟಿಂಗ್ ಕಾಂಟ್ರಾಕ್ಟರ್ ಬಂದ. ಮರದೊಳಗೆ ಇಳಿಯುವ ಸ್ಟೇನ್ ಹಾಕಿ, ಮರ ಚೆನ್ನಾಗಿ ಒಣಗಲಿ ಎಂದೆ. ಮದುವೆ ಮನೆಗೆ ಹೊಳಪು ಬೇಕೆಂದು ಅವನು ಒದ್ದೆ ಕಂಬಕ್ಕೇ ವಾರ್ನಿಷ್ ಎಳೆದ. ಮದರಂಗಿಯ ಹೊತ್ತಿಗೆ ಬುಡದಲ್ಲಿ ಬೊಕ್ಕೆ ಎದ್ದಿತ್ತು. ಒಳಗಿನ ತೇವ ಹೊರಬರಲು ದಾರಿಯಿಲ್ಲದಿದ್ದರೆ ಪದರ ಎದ್ದೇ ಏಳುತ್ತದೆ. ನೆಂಟರು ಬರುವಾಗ ಬಾಳೆಗಿಡ ಕಟ್ಟಿ ಮರೆಮಾಡಿದೆವು.

ಜನವರಿಯ ಬಿಸಿಲಿನಲ್ಲಿ ನಾನೂ ನಮ್ಮ ಹಳೆ ಆಚಾರಿಯೂ ಸೇರಿ ವಾರ್ನಿಷ್ ಕೆರೆದೆವು. 80ರ ಸ್ಯಾಂಡ್‌ಪೇಪರು, ಮತ್ತೆ 120ರದು, ಮರದ ನಾರು ಹೋದ ದಿಕ್ಕಿಗೇ. ಮೊಳೆಯ ಸುತ್ತ ಕಪ್ಪಾದಲ್ಲಿ ಕೈಗವಸು ಹಾಕಿ ಆಕ್ಸಾಲಿಕ್ ಆಸಿಡ್ ನೀರು ಹಚ್ಚಿ, ಚೆನ್ನಾಗಿ ತೊಳೆದು ಒಣಗಿಸಿದೆವು. ನೀರು ಚಿಮುಕಿಸಿದರೆ ಮರ ತಕ್ಷಣ ಹೀರಬೇಕು, ಆಗ ಸ್ಟೇನ್ ಹಚ್ಚಬಹುದು. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಎಣ್ಣೆಯ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತುವುದುಂಟು. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಮಿಷನ್ ಬೇಕೇ ಬೇಕೆಂದರೆ ಸಿಮೆಂಟಿಗೂ ಇಂಟರ್‌ಲಾಕಿಗೂ ಇಟ್ಟುಕೊಳ್ಳಿ. ನೀರು ಬೀಸಣಿಗೆಯಾಗಿ ಹರಡುವ 40 ಡಿಗ್ರಿಯ ಬಿಳಿ ನಾಜಲ್ ಹಾಕಿ. ಒಂದೇ ಗೆರೆಗೆ ಹೊಡೆಯುವ ಕೆಂಪು ನಾಜಲ್ ಮನೆಯೊಳಗೆ ತರಬೇಡಿ. ಕಾಲಿಗೆ ಗಟ್ಟಿ ಬೂಟು ಇರಲಿ, ಆ ನೀರು ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಗಾಯ ಚಿಕ್ಕದಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಗೋಡೆಯ ಗುಳಿಗಳಿಗೆ ಮುರಕಲ್ಲಿನ ಹುಡಿಯಲ್ಲಿ ಸುಣ್ಣ ಕಲಸಿ ತುಂಬಿಸಿದ್ದೇವೆ. ಕಾಂಟ್ರಾಕ್ಟರ್ ಬಾಕಿ ಹಣಕ್ಕಾಗಿ ಇನ್ನೂ ಫೋನ್ ಮಾಡುತ್ತಾನೆ. ವಾರ್ನಿಷ್ ಕೆರೆದ ಆಚಾರಿಯ ಕೂಲಿಯನ್ನು ಅದರಲ್ಲೇ ಹಿಡಿದಿದ್ದೇನೆ, ಕೊಡುವುದಿಲ್ಲವೆಂದು ಅವನಿಗೂ ಹೇಳಿದ್ದೇನೆ.