ಹಣ್ಣು-ತರಕಾರಿ ತಿಂದರೆ ಮೈತೂಕ ಇಳಿಯುವುದೇ?

ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಬಯಲುಸೀಮೆಯ ಊರುಗಳಲ್ಲಿಯೂ ಉಳುಮೆ, ಒಕ್ಕಣೆಗಳನ್ನು ಇಂದು ಯಂತ್ರಗಳು ಬಹುಮಟ್ಟಿಗೆ ವಹಿಸಿಕೊಂಡಿವೆ. ದುಡಿಮೆ ತಗ್ಗಿದರೂ ಊಟದ ಪ್ರಮಾಣ ಮೊದಲಿನಂತೆಯೇ ಇದ್ದರೆ ಮಿಕ್ಕ ಶಕ್ತಿಯು ಮೈಯಲ್ಲಿ ಕೊಬ್ಬಾಗಿ ಶೇಖರವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಪುರುಷರ ಪೈಕಿ ಶೇಕಡ 30ರಷ್ಟು ಮಂದಿ ಅಧಿಕ ತೂಕದವರೆಂದು ಕಂಡುಬಂದಿದೆ. ಆದ್ದರಿಂದ ಕೊಬ್ಬು ಕರಗಿಸುವ ಹಣ್ಣು, ತರಕಾರಿ ಯಾವುದೆಂಬ ಪ್ರಶ್ನೆ ಸಹಜ.

ಕೊಬ್ಬನ್ನು ಕರಗಿಸುವ ಗುಣ ಯಾವ ಕಾಯಿಗೂ ಇಲ್ಲ. ಆದರೂ ಅವು ನೆರವಾಗುತ್ತವೆ. ಸೌತೆ, ಸೋರೆಗಳಲ್ಲಿ ಶೇಕಡ 95ರಷ್ಟು ನೀರೇ ಇದೆ. 100 ಗ್ರಾಂ ಸೌತೆಕಾಯಿಯಿಂದ ದೊರೆಯುವುದು ಸುಮಾರು 15 ಕ್ಯಾಲೋರಿ. ಅಷ್ಟೇ ತೂಕದ ಶೇಂಗಾ ಬೀಜದಿಂದ 500ಕ್ಕೂ ಹೆಚ್ಚು. ಸೀಬೆ, ಸೊಪ್ಪುಗಳ ನಾರಿನಂಶ ಹೊಟ್ಟೆ ತುಂಬಿಸಿ, ಹಸಿವನ್ನು ಮುಂದೂಡುತ್ತದೆ.

ಬಳಸುವ ಕ್ರಮ

1. ಎಂದಿನ ಊಟದ ಮೇಲೆ ಹಣ್ಣು ಸೇರಿಸಿದರೆ ತೂಕ ಇಳಿಯದು. ಅನ್ನವನ್ನೋ ಮುದ್ದೆಯನ್ನೋ ಸ್ವಲ್ಪ ಕಡಿಮೆ ಮಾಡಿ, ಆ ಜಾಗದಲ್ಲಿ ಪಲ್ಯ, ಕೋಸಂಬರಿ ಬಡಿಸಿಕೊಳ್ಳಬೇಕು. ಬೇಳೆಕಾಳು ಬಿಡಬಾರದು.

2. ಒಗ್ಗರಣೆಯಲ್ಲಿ ಮಿತಿಯಿರಲಿ. ಒಂದು ಚಮಚ, ಅಂದರೆ 5 ಗ್ರಾಂ ಎಣ್ಣೆಯಲ್ಲಿ 45 ಕ್ಯಾಲೋರಿ ಇದೆ.

3. ಹಣ್ಣನ್ನು ಇಡಿಯಾಗಿ ತಿನ್ನುವುದು ಮೇಲು. ರಸ ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ.

4. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ, 2000 ಕ್ಯಾಲೋರಿಯ ದಿನದ ಆಹಾರದಲ್ಲಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಬೇಕು.

ಎಚ್ಚರಿಕೆ

ತೂಕ ಇಳಿಸಲೆಂದು ಹಸಿ ಸೋರೆಕಾಯಿ ರಸ ಕುಡಿಯುವವರುಂಟು. ಸೋರೆ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಇದೆಯೆಂದೇ ತಿಳಿಯತಕ್ಕದ್ದು. ಇಂತಹ ರಸ ಕುಡಿದು ರಕ್ತವಾಂತಿಯಾದ, ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲಿಯೇ ನಡೆದಿವೆ. ನೀರಿನ ಕೊರತೆ, ಬಿಸಿಲಿನ ತಾಪಗಳಿಂದ ಕಹಿ ಹೆಚ್ಚುವುದರಿಂದ ಒಣಭೂಮಿಯ ರೈತರು ಇದನ್ನು ಮರೆಯಬಾರದು. ಒಂದು ಚೂರನ್ನು ನಾಲಿಗೆಗೆ ತಾಗಿಸಿ, ಕಹಿಯಿದ್ದರೆ ಉಗುಳಿ, ಕಾಯನ್ನು ಎಸೆಯಬೇಕು. ಬೇಯಿಸಿದರೂ ಈ ವಿಷ ಪೂರ್ತಿ ಹೋಗದು. ಕಹಿ ಕಾಯಿ ಬಿಟ್ಟ ಬಳ್ಳಿಯಿಂದ ಬೀಜ ಕಟ್ಟಬಾರದು. ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೈತೋಟ

ಬಚ್ಚಲ ನೀರು ಹರಿಯುವೆಡೆ ಎರಡು ಪಪಾಯಿ, ಒಂದು ನುಗ್ಗೆ, ಬೇಲಿಗೆ ಹೀರೆ ಬಳ್ಳಿ, ನಡುವೆ ದಂಟಿನ ಸೊಪ್ಪಿನ ಮಡಿ ಇದ್ದರೆ ಮನೆಯ ಅಗತ್ಯದ ಒಂದು ಪಾಲು ಖರ್ಚಿಲ್ಲದೆ ದೊರೆಯುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಆಹಾರ ಬದಲಿಸುವುದು ಒಳ್ಳೆಯದು.